ಫೇಲಾದರೆ ದಾರಿ ಮುಚ್ಚಿಲ್ಲ

"ಟೀಚರಮ್ಮಾ, ಮಗಳು ಲೆಕ್ಕದಲ್ಲಿ ಫೇಲಾದ್ಲು. ಓದು ಬಿಡಿಸಿ ಮದುವೆ ಮಾಡಿಬಿಡ್ಲಾ?"

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಕೇಳಿದರು.

ಬೇಡ ಅಕ್ಕಾ. ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಅಪರಾಧ. ಓದು ಬಿಡಿಸೋದೂ ಬೇಡ. ಯಾಕೆ ಗೊತ್ತಾ?

ಹತ್ತನೇ ತರಗತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ಮೊದಲು ವರ್ಷಕ್ಕೆ ಒಂದೇ ಮುಖ್ಯ ಪರೀಕ್ಷೆ. ಫೇಲಾದವರಿಗೆ ಪೂರಕ ಪರೀಕ್ಷೆ. 2024ರಲ್ಲಿ ಕರ್ನಾಟಕದಲ್ಲಿ ಈ ಪದ್ಧತಿ ಬದಲಾಯಿತು. 'ಪೂರಕ' ಎಂಬ ಹೆಸರು ಹೋಯಿತು. ಆ ವರ್ಷ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಸಲ ನಡೆಯಿತು. ಪಾಸಾದ ಮಕ್ಕಳಿಗೂ ಮತ್ತೆ ಬರೆಯಲು ಅವಕಾಶ ಸಿಕ್ಕಿತು. ಯಾವ ಸಲ ಹೆಚ್ಚು ಅಂಕ ಬಂತೋ ಅದನ್ನೇ ಇಟ್ಟುಕೊಳ್ಳಬಹುದಿತ್ತು.

ಫೇಲಾದವರು ಎಲ್ಲಾ ವಿಷಯ ಬರೆಯಬೇಕಿಲ್ಲ. ಲೆಕ್ಕ ಹೋಗಿದ್ದರೆ ಲೆಕ್ಕ ಬರೆದರೆ ಸಾಕು.

ಅದಕ್ಕೇ ಮಗಳನ್ನು ಬೈಬೇಡಿ. ಬೆಳಿಗ್ಗೆ ಅವಳ ಜೊತೆ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರನ್ನು ಕೇಳಿ.

ಮುಂದಿನ ಪರೀಕ್ಷೆ ಯಾವಾಗ?
ಫೀಜು ಎಷ್ಟು?
ಕಟ್ಟಲು ಕಡೇ ದಿನ ಯಾವುದು?

ಉತ್ತರವನ್ನು ನೀವೇ ಚೀಟಿಯಲ್ಲಿ ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದೆ.

ಈ ವಯಸ್ಸಿನಲ್ಲಿ ನೀವು ಅಕ್ಷರ ಕಲಿತಿರಿ. ನಿಮ್ಮ ಮಗಳು ಇನ್ನೊಂದು ಸಲ ಲೆಕ್ಕ ಬರೆಯಲಾರಳೇ?