ನಲ್ಲಿ ನೀರು ಕುಡಿದ ಹೃದಯ

ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದರೂ ಅದು ಕೂಡಲೇ ನಿಲ್ಲುವುದಿಲ್ಲ. ಹದವಾದ ಉಪ್ಪುನೀರು ಸಿಕ್ಕರೆ ಗಂಟೆಗಟ್ಟಲೆ ಮಿಡಿಯುತ್ತದೆ. ಆ ಹದ ಯಾವುದು? ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1882ರಲ್ಲಿ ಉತ್ತರ ಸಿಕ್ಕಿತೆಂದುಕೊಂಡರು: ಅಡುಗೆ ಉಪ್ಪು, ಜೊತೆಗೆ ಚೂರು ಪೊಟ್ಯಾಸಿಯಂ. ಮರುವರ್ಷವೇ ಅದನ್ನು ತಿದ್ದಿ ಇನ್ನೊಂದು ಪ್ರಬಂಧ ಬರೆದರು. ಉಪ್ಪನ್ನು ಕರಗಿಸಿದ್ದು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ನ್ಯೂ ರಿವರ್ ಕಂಪನಿ ಸರಬರಾಜು ಮಾಡುತ್ತಿದ್ದ ನಲ್ಲಿ ನೀರಿನಲ್ಲಿ! ಶುದ್ಧ ನೀರು ಬಳಸಿದಾಗ ಮಿಡಿತ ಕ್ಷೀಣಿಸುತ್ತಾ ಸುಮಾರು 20 ನಿಮಿಷದಲ್ಲಿ ನಿಂತೇಹೋಯಿತು.

ಆ ನಲ್ಲಿ ನೀರು ಸೀಮೆಸುಣ್ಣದ ನೆಲದ ಊಟೆಗಳಿಂದ ಬರುತ್ತಿತ್ತು. ಅಂದರೆ ಗಡಸು ನೀರು. ನಮ್ಮ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ ಅದರಲ್ಲಿತ್ತು. ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಜೀವಕೋಶದೊಳಗೆ ಏರಬೇಕು. ಅದೊಂದೇ ಇದ್ದರೆ ಹೃದಯ ಬಿಗಿದುಕೊಂಡು ಸಡಿಲವಾಗುವುದನ್ನೇ ಮರೆಯುತ್ತದೆ. ಪೊಟ್ಯಾಸಿಯಂ ಅದಕ್ಕೆ ಎದುರು ತೂಕ. ರಿಂಗರ್ ಪಾಲಿಗೆ ಕಪ್ಪೆಯೇ ಸಿಕ್ಕಿದ್ದು ಅದೃಷ್ಟ ಎನ್ನಬೇಕು. ನಮ್ಮ ಹೃದಯದ ಜೀವಕೋಶಗಳು ಒಳಗೇ ಸಾಕಷ್ಟು ಕ್ಯಾಲ್ಸಿಯಂ ಕೂಡಿಟ್ಟುಕೊಂಡಿರುತ್ತವೆ, ಕಪ್ಪೆಯದು ಬಹುಮಟ್ಟಿಗೆ ಹೊರಗಿನದನ್ನೇ ನೆಚ್ಚಿಕೊಂಡಿದೆ. ಆಸ್ಪತ್ರೆಯಲ್ಲಿ 'ಆರ್‌ಎಲ್ ಹಾಕಿ' ಎಂದು ನರ್ಸ್‌ಗೆ ಹೇಳುವಾಗ ಡಾಕ್ಟರ ಬಾಯಲ್ಲಿ ಬರುವ 'ಆರ್' ಇದೇ ರಿಂಗರ್. 'ಎಲ್' ಎಂದರೆ ಲ್ಯಾಕ್ಟೇಟ್; ಅದು ರಿಂಗರ್ ದ್ರಾವಣಕ್ಕೆ ಸೇರಿದ್ದು 1930ರ ದಶಕದಲ್ಲಿ, ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅವರಿಂದ.

ಕಪ್ಪೆಯ ಹೃದಯ ಮಿಡಿಯುವ ಆ ಉಪ್ಪುನೀರಿನ ಬಿಸಿಯೂ ಅದರಲ್ಲಿನ ಲವಣಗಳಷ್ಟೇ ಜೋರು. ಹತ್ತು ಡಿಗ್ರಿ ಏರಿದರೆ ಕಪ್ಪೆಯ ಹೃದಯದ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ತಮಾಷೆಯೆಂದರೆ, ಮಿಡಿತ ಹುಟ್ಟುವ ಮೂಲೆಯನ್ನಷ್ಟೇ ತಂಪು ಮಾಡಿದರೂ ಸಾಕು, ಇಡೀ ಹೃದಯ ನಿಧಾನವಾಗುತ್ತದೆ. ಕೆಳಗಿನ ದೊಡ್ಡ ಕೋಣೆಯನ್ನು ಮಾತ್ರ ತಣಿಸಿದರೆ ವೇಗ ಅಷ್ಟಾಗಿ ಬದಲಾಗದು.

ತಂಪಿನಿಂದ ಹೃದಯ ನಿಧಾನವಾಗುವುದಾದರೆ, ಇಡೀ ದೇಹವನ್ನೇ ತಣಿಸಿ, ರಕ್ತಸಂಚಾರ ನಿಲ್ಲಿಸಿ, ಹೃದಯ ತೆರೆದು ರಿಪೇರಿ ಮಾಡಬಹುದಲ್ಲವೇ? ಟೊರಾಂಟೊದ ಶಸ್ತ್ರವೈದ್ಯ ವಿಲ್ಫ್ರೆಡ್ ಬಿಗೆಲೊ ಇದನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. ತಣಿದ ದೇಹಕ್ಕೆ ಆಮ್ಲಜನಕ ಇನ್ನೂ ಹೆಚ್ಚು ಬೇಕು ಎಂಬ ನಂಬಿಕೆ ಆಗ ಇತ್ತು. ಅದು ಪೂರ್ತಿ ಸುಳ್ಳೂ ಅಲ್ಲ, ಏಕೆಂದರೆ ಚಳಿಗೆ ದೇಹ ನಡುಗುತ್ತದೆ, ನಡುಗುವ ಸ್ನಾಯು ಆಮ್ಲಜನಕವನ್ನು ಕಬಳಿಸುತ್ತದೆ. ಬಿಗೆಲೊ ಅರಿವಳಿಕೆಯಿಂದ ನಡುಕವನ್ನೇ ತಡೆದು ನೋಡಿದರು. ಆಗ ತಾಪ ಇಳಿದಂತೆ ಆಮ್ಲಜನಕದ ಬೇಡಿಕೆಯೂ ಇಳಿಯಿತು. ತಂಪು ಒಂದೇ ಆಗಿದ್ದರೆ ಕೆಡುಕು, ಮದ್ದಿನ ಜೊತೆ ಸೇರಿದಾಗ ರಕ್ಷಣೆ. ಬೆಲೆ ತೆತ್ತದ್ದು ಮಾತ್ರ ನಾಯಿಗಳು. ಹಲವು ಆ ಪ್ರಯೋಗದಲ್ಲೇ ಸತ್ತವು ಎನ್ನುವುದನ್ನು ಮುಚ್ಚಿಡಬಾರದು. 1952ರ ಸೆಪ್ಟೆಂಬರ್‌ನಲ್ಲಿ ಮಿನೆಸೊಟಾದ ಶಸ್ತ್ರವೈದ್ಯ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ದೇಹವನ್ನು ಸುಮಾರು 28 ಡಿಗ್ರಿಗೆ ಇಳಿಸಿ, ರಕ್ತದ ಹರಿವನ್ನು ಕೆಲವು ನಿಮಿಷ ತಡೆದು, ಹೃದಯದೊಳಗಿನ ರಂಧ್ರವನ್ನು ಹೊಲಿದರು. ಹುಡುಗಿ ಬದುಕಿದಳು.

ಕೆಲವು ನಿಮಿಷ ಸಾಲದು ಎನಿಸಿದಾಗ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಹಾರ್ಟ್-ಲಂಗ್ ಮಷಿನ್ ಬಂತು. ಹೊಲಿಯುವಾಗ ಹೃದಯ ಅಲುಗಬಾರದಲ್ಲ, ಅದಕ್ಕೆ ಪೊಟ್ಯಾಸಿಯಂ ಮತ್ತೆ ಬಂತು. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟ್‌ನಿಂದ ಹೃದಯವನ್ನು ಬೇಕೆಂದೇ ನಿಲ್ಲಿಸಿ ತೋರಿಸಿದರು. ಪ್ರಮಾಣ ವಿಪರೀತವಾದ್ದರಿಂದ ಹೃದಯದ ಸ್ನಾಯು ಕೆಟ್ಟು, ಆ ವಿಧಾನ ಕೆಲಕಾಲ ಮೂಲೆ ಸೇರಿತು. 1970ರ ದಶಕದಲ್ಲಿ ಲಂಡನ್ನಿನದೇ ಸೇಂಟ್ ಥಾಮಸ್ ಆಸ್ಪತ್ರೆಯವರು ಇಲಿಯ ಹೃದಯಗಳ ಮೇಲೆ ಪರೀಕ್ಷಿಸುತ್ತಾ ಹದವನ್ನು ತಿದ್ದಿದರು: ಪೊಟ್ಯಾಸಿಯಂ ಕಡಿಮೆ, ಜೊತೆಗೆ ಮೆಗ್ನೀಸಿಯಂ, ತುಸು ಕ್ಯಾಲ್ಸಿಯಂ. ಈ ದ್ರಾವಣವನ್ನು ತಣ್ಣಗೆ ಮಾಡಿ ಹೃದಯದ ರಕ್ತನಾಳಗಳಿಗೆ ಹರಿಸುತ್ತಾರೆ.

ಇಲಿಯ ಲೆಕ್ಕವನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸುವಂತಿಲ್ಲ. ಇಲಿಯ ಪುಟ್ಟ ಹೃದಯ ಕ್ಷಣದಲ್ಲಿ ತಣಿಯುತ್ತದೆ. ಮನುಷ್ಯನ ಹೃದಯದ ದಪ್ಪ ಗೋಡೆಗೆ ಸಮಯ ಬೇಕು, ಸುತ್ತಲಿನ ಬೆಚ್ಚಗಿನ ಅಂಗಾಂಗಗಳು ಅದನ್ನು ಮತ್ತೆ ಕಾಯಿಸುತ್ತಲೇ ಇರುತ್ತವೆ. ಆದ್ದರಿಂದ ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ಆ ದ್ರಾವಣವನ್ನು ಆಗಾಗ ಮತ್ತೆ ಕೊಡಬೇಕಾಗುತ್ತದೆ.