ಕಾಫಿ ಪೊಟ್ಟಣದ ಹಣೆಬರಹ

ಆಷಾಢದ ಮಳೆ ಕಳಸದ ಬೆಟ್ಟಗಳ ಮೇಲೆ ಹಗಲಿರುಳೆನ್ನದೆ ಸುರಿಯುತ್ತಿರುವಾಗಲೇ ತೋಟದ ಮನೆಗಳ ಜಗಲಿಗಳಲ್ಲಿ ಕಾಫಿಪುಡಿಯ ಪೊಟ್ಟಣಗಳು ಪಯಣಕ್ಕೆ ಸಿದ್ಧವಾಗುತ್ತವೆ. ಅವು ಸೇರಬೇಕಾದುದು ಬೆಂಗಳೂರು, ಮುಂಬಯಿಗಳ ಅಂಗಡಿಗಳನ್ನು. ಹುರಿದು ಬೀಸಿದ ಕಾಫಿ ದಿನದಿನಕ್ಕೂ ಪರಿಮಳ ಕಳೆದುಕೊಳ್ಳುವ ವಸ್ತು. ದಾರಿಯಲ್ಲಿ ಕಾಲಹರಣವಾದರೆ ಕೊಂಡವರಿಗೆ ಬಣ್ಣವಷ್ಟೇ ದಕ್ಕೀತು! ಆ ವಿಳಂಬಕ್ಕೆ ಒಮ್ಮೊಮ್ಮೆ ಕಾರಣವಾಗುವುದು ಅಂಗೈಯಗಲದ ಒಂದು ಚೀಟಿ. ಅದರ ಮೇಲಿನ ಕಪ್ಪು ಗೆರೆಗಳ ಬಾರ್‌ಕೋಡ್.

ಹಿಂದೆ ಬೆಳೆಗಾರರಿಗೆ ಈ ಚಿಂತೆಯಿರಲಿಲ್ಲ. ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿದರೆ ಮಾರಾಟದ ಹೊಣೆ ಮಂಡಳಿಯದಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲಿ, ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ದೊರೆಯಿತು. ಅದರ ಬೆನ್ನಿಗೇ ಚೀಟಿಯ ಜವಾಬ್ದಾರಿಯೂ ಬಂದಿತು.

ಚೀಟಿಗಳಲ್ಲಿ ಎರಡು ಬಗೆ. ಪಾರ್ಸೆಲಿಗೆ ದಾರಿ ತೋರುವುದು ಒಂದು, ಅಂಗಡಿಯಲ್ಲಿ ಸರಕಿನ ಗುರುತು ಹೇಳುವುದು ಇನ್ನೊಂದು. ಅಂಗಡಿಯ ಚೀಟಿಯಲ್ಲಿ ಹದಿಮೂರು ಅಂಕಿಗಳು. 890 ಎಂಬ ಮೊದಲ ಮೂರು ಅಂಕಿಗಳು, ಸಂಖ್ಯೆಯನ್ನು ನೀಡಿದುದು ಭಾರತದ ಸಂಸ್ಥೆಯೆಂದು ಸೂಚಿಸುತ್ತವೆ. ಕೊನೆಯ ಅಂಕಿ ಕಾವಲುಗಾರ: ಉಳಿದ ಹನ್ನೆರಡರ ಲೆಕ್ಕಕ್ಕೆ ಅದು ತಾಳೆಯಾಗದಿದ್ದರೆ ಯಂತ್ರ ಚೀಟಿಯನ್ನು ನಿರಾಕರಿಸುತ್ತದೆ. ತಪ್ಪಾಗಿ ಓದುವುದಕ್ಕಿಂತ ಓದದಿರುವುದೇ ಲೇಸೆಂಬುದು ಅದರ ನೀತಿ. 1974ರ ಜೂನ್ 26ರಂದು ಅಮೆರಿಕದ ಟ್ರಾಯ್ ಪಟ್ಟಣದ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಇಂತಹ ಯಂತ್ರದ ಮುಂದೆ ಮೊದಲು ಹಾಯಿತು.

ಇನ್ನು ಗೆರೆಗಳ ಗುಣದೋಷ. ಕಾಫಿಗೆ ಕಾಫಿಯ ಬಣ್ಣದ ಗೆರೆಗಳೇ ಒಪ್ಪವೆಂದು ಯಾರಿಗಾದರೂ ತೋರಬಹುದು. ಮೋಸವಿರುವುದು ಅಲ್ಲಿಯೇ! ಅಂಗಡಿಯ ಯಂತ್ರಗಳು ಸಾಮಾನ್ಯವಾಗಿ ಕೆಂಪು ಬೆಳಕಿನಲ್ಲಿ ನೋಡುತ್ತವೆ. ಕಂದು ಬಣ್ಣ ಆ ಬೆಳಕನ್ನು ಹಿಂದಿರುಗಿಸುವುದರಿಂದ ಗೆರೆಗಳು ಮಸುಕಾಗುತ್ತವೆ. ಬಿಳಿಯ ಮೇಲೆ ಕಪ್ಪೇ ಕ್ಷೇಮ. ಗೆರೆಗಳ ಎಡಬಲದ ಬಿಳಿಯ ಅಂಚೂ ವ್ಯರ್ಥವಲ್ಲ. ಅದನ್ನು ಕತ್ತರಿಸಿದರೆ ಯಂತ್ರಕ್ಕೆ ಆದಿ ಅಂತ್ಯಗಳು ತಿಳಿಯವು.

ಮುದ್ರಿಸುವಾಗ ಕಾವಿನ ಹದ ಬೀಜ ಹುರಿಯುವಾಗಿನಂತೆಯೇ. ಕಡಿಮೆಯಾದರೆ ಗೆರೆ ತುಂಡಾಗುತ್ತದೆ, ಹೆಚ್ಚಾದರೆ ಊದಿಕೊಂಡು ನೆರೆಯ ಗೆರೆಯನ್ನು ಮುಟ್ಟುತ್ತದೆ. ಯಂತ್ರದ ತಲೆಯಲ್ಲಿ ಒಂದೇ ಒಂದು ಬಿಂದು ಸುಟ್ಟಿದ್ದರೂ ಪ್ರತಿಯೊಂದು ಚೀಟಿಯಲ್ಲೂ ಅದೇ ಸ್ಥಳದಲ್ಲಿ ಬಿಳಿಯ ಸೀಳು ಮೂಡುತ್ತದೆ. ಆದುದರಿಂದ ಮಸಿಪಟ್ಟಿ ಬದಲಿಸುವಾಗಲೆಲ್ಲ ತಲೆಯನ್ನು ಒರೆಸಬೇಕು. ಮೇಣದ ಮಸಿ ಉಜ್ಜಿದರೆ ಅಳಿಯುತ್ತದೆ. ರಾಳದ ಮಸಿಯನ್ನು ಪ್ಲಾಸ್ಟಿಕ್ ಚೀಟಿಗೆ ಹಚ್ಚಿದರೆ ಮಲೆನಾಡಿನ ತೇವಕ್ಕೂ ಬಗ್ಗದು. ಕಾಫಿಯ ಎಣ್ಣೆ, ಧೂಳು ಹತ್ತಿದ ಪೊಟ್ಟಣವನ್ನು ಒರೆಸದೆ ಅಂಟಿಸಿದ ಚೀಟಿಯಂತೂ ದಾರಿಯಲ್ಲೇ ಕಳಚೀತು.

ಶಾಲೆಯ ಮಕ್ಕಳಂತೆ ಗೆರೆಗಳಿಗೂ ಎ, ಬಿ, ಸಿ, ಡಿ, ಎಫ್ ಎಂಬ ದರ್ಜೆಗಳುಂಟು. ಅಂಗಡಿ ಸರಕಿಗೆ ಸಿ ದರ್ಜೆಯಾದರೂ ಬೇಕೆಂಬುದು ಸಾಮಾನ್ಯ ನಿಯಮ. ದರ್ಜೆ ಅಳೆಯುವ ಯಂತ್ರ ಮನೆಯಲ್ಲಿರದಿದ್ದರೂ ಒದ್ದೆ ಬೆರಳಿನಿಂದ ಒಂದು ಚೀಟಿಯನ್ನು ಉಜ್ಜಿ, ಸಣ್ಣ ಓದುಯಂತ್ರಕ್ಕೆ ಹಿಡಿದು ನೋಡಲು ಅರ್ಧ ನಿಮಿಷ ಸಾಕು.

ಹೂಮಳೆಗಾಗಿ ಬಾನು ನೋಡಿ, ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿದ ವರ್ಷದ ದುಡಿಮೆ ಆ ಪೊಟ್ಟಣದೊಳಗಿದೆ. ಬ್ರಹ್ಮ ಬರೆದ ಹಣೆಬರಹವನ್ನು ತಿದ್ದಲಾಗದೆನ್ನುತ್ತಾರೆ. ಪೊಟ್ಟಣದ ಹಣೆಬರಹವನ್ನಾದರೋ ಮನೆಯ ಹೊಸ್ತಿಲು ದಾಟುವ ಮುನ್ನ ಧಾರಾಳವಾಗಿ ತಿದ್ದಬಹುದು.