ಜಡ್ಜ್ ಸಾಹೇಬರ ತಮ್ಮ ಯಾರು, ಹೇಳಿ ನೋಡೋಣ!

ಒಂದು ಒಗಟು! ಭಟ್ಕಳ, ಹೊನ್ನಾವರ, ಕುಮಟಾದವರಿಗಂತೂ ಇದರ ಉತ್ತರ ಗೊತ್ತಿರಲೇಬೇಕು.

1883. ವಿಕ್ಟೋರಿಯಾ ರಾಣಿಯ ಕಾಲ. ಕಾರವಾರದ ಜಿಲ್ಲಾ ನ್ಯಾಯಾಧೀಶರ ಮನೆಯಲ್ಲಿ ಅವರ ತಮ್ಮ ಬಂದು ಉಳಿದಿದ್ದಾನೆ. ವಯಸ್ಸು 22. ಇವನನ್ನು ಬ್ಯಾರಿಸ್ಟರ್ ಮಾಡಬೇಕೆಂದು 1878ರಲ್ಲೇ ಇಂಗ್ಲೆಂಡಿಗೆ ಕಳಿಸಿದ್ದರು. ಬರಿಗೈಯಲ್ಲಿ ಬಂದ! ಮತ್ತೆ ಹಡಗು ಹತ್ತಿಸಿದರು. ಈ ಸಲ ಮದ್ರಾಸಿನಿಂದಲೇ ವಾಪಸ್!

ಯಾರಿವನು? ತಡೆಯಿರಿ, ಒಂದು ಸುಳಿವು ಕೊಡುತ್ತೇನೆ.

ಅಣ್ಣ ಸಾಮಾನ್ಯ ಜಡ್ಜ್ ಅಲ್ಲ. ಐಸಿಎಸ್ ಪಾಸಾದ ಮೊಟ್ಟಮೊದಲ ಭಾರತೀಯ! ಬಂಗಾಳದವರು, ನೌಕರಿ ಮುಂಬಯಿ ಪ್ರಾಂತ್ಯದಲ್ಲಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತ್ತಲ್ಲ? ಹಾಗಾಗಿಯೇ ಕಾರವಾರಕ್ಕೆ ವರ್ಗ!

ಅತ್ತ ಹೊನ್ನಾವರದಲ್ಲೇ ಹುಟ್ಟಿದ ನಾರಾಯಣ ಚಂದಾವರ್ಕರ್ ಕಾನೂನು ಓದಿ, 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರೇ ಆದರು. ಇವನಿಗೆ ಆ ದಾರಿಯೇ ಬೇಡವಾಯಿತು.

ಈಗ ಹೊಳೆಯಿತೇ? ಅಣ್ಣ ಸತ್ಯೇಂದ್ರನಾಥ. ತಮ್ಮ... ರವೀಂದ್ರನಾಥ ಟಾಗೋರ್!

ಹೌದು, ಅವರೇ! ಆಗಷ್ಟೇ ಮೀಸೆ ಚಿಗುರಿದ ಹುಡುಗ. ನೊಬೆಲ್‌ಗೆ ಇನ್ನೂ 30 ವರ್ಷ ಬಾಕಿ!

ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ಬೆಟ್ಟದ ಮೇಲಿನ ಹಳೆಯ ಕೋಟೆ ನೋಡಿದರು. ರೈತನೊಬ್ಬನ ಮನೆಯಂಗಳದಲ್ಲಿ ಊಟ! ಹಿಂದಿರುಗುವಾಗ ಅಳಿವೆಯಲ್ಲೇ ದೋಣಿ ಬಿಟ್ಟು, ಗಾಳಿಮರಗಳ ಪಕ್ಕದ ಮರಳಿನ ಮೇಲೆ ನಡೆದೇ ಮನೆ ಸೇರಿದರು. ಮಲಗಿದರೇ? ಎಲ್ಲಿಯ ನಿದ್ದೆ! ಕೂತು ಕವಿತೆ ಬರೆದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದೂ ಕಾರವಾರದಲ್ಲೇ!

ಆ ಕಡಲನ್ನು ಬಣ್ಣದಲ್ಲಿ ಹಿಡಿದರೇ? ಇಲ್ಲ! ಕುಂಚದ ಗೀಳು ಹತ್ತಲು ಇನ್ನೂ ನಾಲ್ಕು ದಶಕ ಬೇಕಿತ್ತು. ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಇದೇ.

1924, ಅರ್ಜೆಂಟೀನಾ. ‘ಪೂರಬಿ’ ಕವನಸಂಕಲನದ ಹಸ್ತಪ್ರತಿ. ಬೇಡದ ಸಾಲಿಗೆ ಕಾಟು ಹೊಡೆಯುತ್ತಾರೆ. ಒಂದು ಕಾಟನ್ನು ಇನ್ನೊಂದಕ್ಕೆ ಜೋಡಿಸುತ್ತಾರೆ. ಅರೆ! ಅದು ಕೊಕ್ಕು, ಇದು ರೆಕ್ಕೆ, ಅಗೋ ಯಾವುದೋ ಕಂಡುಕೇಳರಿಯದ ಪ್ರಾಣಿ! ಆತಿಥೇಯಳಾಗಿದ್ದ ವಿಕ್ಟೋರಿಯಾ ಒಕಾಂಪೊ ಆ ಪುಟಗಳನ್ನು ನೋಡಿ ದಂಗಾದರು.

1930ರ ಮೇ. ಪ್ಯಾರಿಸ್ಸಿನ ಪಿಗಾಲ್ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ. ಒತ್ತಾಸೆ ಅದೇ ಒಕಾಂಪೊ ಅವರದು. ಕಲಾವಿದನ ವಯಸ್ಸು? 69ರ ಹೊಸ್ತಿಲು! ಅದೇ ವರ್ಷ ಬರ್ಲಿನ್, ಮಾಸ್ಕೋ, ನ್ಯೂಯಾರ್ಕ್!

ಕಲಾಶಾಲೆಯಲ್ಲಿ ಕಲಿತದ್ದಲ್ಲ. ಕುಂಚ ಇದ್ದರೆ ಕುಂಚ, ಇಲ್ಲದಿದ್ದರೆ ಬೆರಳು, ಚಿಂದಿ ಬಟ್ಟೆ! ಬಣ್ಣ ಸಾಲದಿದ್ದರೆ ಬರೆಯುವ ಶಾಯಿ. ಹೆಚ್ಚಿನ ಚಿತ್ರಗಳಿಗೆ ಹೆಸರೇ ಇಟ್ಟಿಲ್ಲ. ಅವರಿಗೆ ಕೆಂಪು-ಹಸಿರು ಸರಿಯಾಗಿ ಬೇರೆಬೇರೆ ಕಾಣುತ್ತಿರಲಿಲ್ಲವೆಂದು ಸಂಶೋಧಕರ ಗುಮಾನಿ. ಆದರೂ ಆ ಬಣ್ಣಗಳನ್ನು ನೋಡಿ!

ಒಟ್ಟು ಎಷ್ಟು ಚಿತ್ರ? ಊಹಿಸಿ. ನೂರೇ? ಐನೂರೇ?

2000ಕ್ಕೂ ಹೆಚ್ಚು! 1941ರಲ್ಲಿ ತೀರಿಕೊಳ್ಳುವ ಮೊದಲು, ಬದುಕಿನ ಕೊನೆಯ 17 ವರ್ಷಗಳೊಳಗೆ!

ಬರ್ಲಿನ್ನಿನ ನ್ಯಾಷನಲ್ ಗ್ಯಾಲರಿಗೂ ಐದು ಸೇರಿದ್ದವು. 1937ರಲ್ಲಿ ಹಿಟ್ಲರನ ಸರ್ಕಾರ ಅವನ್ನು ‘ಕೆಟ್ಟುಹೋದ ಕಲೆ’ ಎಂದು ಗೋಡೆಯಿಂದ ಇಳಿಸಿತು. ಪಾಲ್ ಕ್ಲೀ, ಕ್ಯಾಂಡಿನ್ಸ್ಕಿಯರ ಚಿತ್ರಗಳಿಗೂ ಅದೇ ಗತಿ. ಎಂಥ ಸಹವಾಸ ನೋಡಿ!